ಸಾಹಸ ಮುಗಿಸಿ ಮನೆಗೆ ಬಂದವರ ಕಥೆ ಬರೆಯುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಮುಂಬೈಗೆ ಬಂದು ಆರು ವರ್ಷವಾದ ಮೇಲೆ ನಾನು ಮೊದಲ ಸಲ ಊರಿಗೆ ಹೋದೆ. ಕುಂದಾಪುರದಲ್ಲಿ ಇಳಿದು, ಬಸ್ಸು ಹಿಡಿದು, ಗದ್ದೆಯ ಅಂಚಿನಲ್ಲಿ ನಡೆದು ಮನೆ ಮುಟ್ಟಿದೆ. ಜಗಲಿಯಲ್ಲಿ ಕೂತೆ. ಚಿಕ್ಕಮ್ಮ ಒಳಗಿನಿಂದ ಒಂದು ತುಂಡು ಬೆಲ್ಲ, ಒಂದು ಲೋಟ ನೀರು ತಂದಿಟ್ಟರು. ನಮ್ಮ ಕಡೆ ಬೆಲ್ಲ-ನೀರು ಕೊಡುವುದು ನೆಂಟರಿಗೆ. ಮನೆಯವರು ಸೀದಾ ಒಳಗೆ ಹೋಗಿ ತಾವೇ ನೀರು ಬಗ್ಗಿಸಿ ಕುಡಿಯುತ್ತಾರೆ. ಚಿಕ್ಕಮ್ಮ ಪ್ರೀತಿಯಿಂದಲೇ ಕೊಟ್ಟರು. ಆದರೂ ಆ ಬೆಲ್ಲ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಲೋಟ ಕೆಳಗಿಡುವ ಮೊದಲೇ ಅವರು ಕೇಳಿದರು, "ಎಷ್ಟು ದಿನ ಇರ್ತೆ?"

ಮುಂಬೈಯ ಕನ್ನಡಿಗರಿಗೆ ಈ ಪ್ರಶ್ನೆ ಗೊತ್ತು. ಡೊಂಬಿವಲಿಯಲ್ಲಿರಲಿ, ಮಾಟುಂಗದಲ್ಲಿರಲಿ, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಊರಿಗೆ ಹೋದವರೆಲ್ಲ ಇದನ್ನು ಕೇಳಿಸಿಕೊಂಡವರೇ. ಅದಕ್ಕೇ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ಸಾಹಸ ಮುಗಿಸಿ ಮನೆಗೆ ಬಂದ ವೀರರ ಮಾಯಾಕಥೆ ಬರೆಯಲು ನಮಗಿಂತ ತಯಾರಾದವರು ಕಡಿಮೆ.

ಅಜ್ಜಿ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟುತ್ತಾನೆ. ಗಿಳಿಯೊಳಗಿದ್ದ ರಾಕ್ಷಸನ ಪ್ರಾಣ ತೆಗೆಯುತ್ತಾನೆ. ಆಮೇಲೆ ಒಂದೇ ಸಾಲು: ಊರಿಗೆ ಬಂದು ಸುಖವಾಗಿದ್ದರು. ಆ ಒಂದು ಸಾಲನ್ನು ಬಿಡಿಸಿ ಎರಡೂವರೆ ಮೂರು ಸಾವಿರ ಪದಗಳ ಸಣ್ಣಕಥೆ ಮಾಡುವುದು ಹೇಗೆ ಅಂತ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಉದಾಹರಣೆಗೆ ಒಂದು ಹೊಸ ಕಥೆಯನ್ನು ನಿಮ್ಮ ಎದುರಿಗೇ ಕಟ್ಟುತ್ತಾ ಹೋಗುತ್ತೇನೆ.

1. ಮೊದಲು ಮನೆ ಕಟ್ಟಿ, ರಾಕ್ಷಸ ಆಮೇಲೆ

ಮಾಯಾಕಥೆ ಅಂದ ಕೂಡಲೇ ನಾವು ಭೂಪಟ ಬರೆಯಲು ಕೂರುತ್ತೇವೆ. ಬೆಟ್ಟ, ಕೋಟೆ, ಮಂತ್ರದ ಕತ್ತಿ. ಮರಳುವವರ ಕಥೆಗೆ ಇದು ತಿರುಗುಮುರುಗು. ಮೊದಲು ಬೇಕಾದದ್ದು ಮನೆಯ ನಕ್ಷೆ. ಜಗಲಿ ಎಲ್ಲಿ? ಬಾವಿ ಎಷ್ಟು ದೂರ? ಅಟ್ಟದಲ್ಲಿ ಏನಿದೆ? ಯಾರು ಎಲ್ಲಿ ಮಲಗುತ್ತಾರೆ?

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ವೀರ ಹೊರಟ ದಿನದ ಮನೆ, ಬಲಕ್ಕೆ ತಿರುಗಿ ಬಂದ ದಿನದ ಮನೆ. ಎಡದಲ್ಲಿದ್ದ ಯಾವುದು ಬಲದಲ್ಲಿ ಇಲ್ಲ? ಯಾವುದು ಹೊಸದು? ಅವನ ಚಾಪೆಯ ಮೇಲೆ ಈಗ ಯಾರು ಮಲಗುತ್ತಾರೆ? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧ ಕಥೆ ಸಿಕ್ಕ ಹಾಗೆ.

ನಮ್ಮ ಉದಾಹರಣೆ ಹೀಗಿರಲಿ. ಅಳಿವೆಯ ಬಾಯಲ್ಲಿ ಒಂದು ಊರು. ಒಂದು ದಿನ ಅಲ್ಲಿ ಗಾಳಿ ನಿಂತುಹೋಯಿತು. ಬೆಟ್ಟದ ಭೂತವೊಂದು ಊರಿನ ಗಾಳಿಯನ್ನೇ ಕದ್ದೊಯ್ದಿದೆ. ಹಾಯಿ ಕಟ್ಟಿದ ದೋಣಿಗಳು ಮರಳಿನ ಮೇಲೆ ಒರಗಿದವು. ಆಗ ಬಾಗಿ, ಅಂದರೆ ಭಾಗೀರಥಿ ಎಂಬ ಹುಡುಗಿ, ಗಾಳಿ ತರುತ್ತೇನೆಂದು ಹೊರಟಳು. ಅವಳಿಗಾಗ ಹತ್ತೊಂಬತ್ತು. ಹನ್ನೆರಡು ವರ್ಷ ಕಳೆದು, ಗಾಳಿಯನ್ನು ಒಂದು ಭರಣಿಯಲ್ಲಿ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ ಹೊತ್ತು ತಂದಿದ್ದಾಳೆ.

ಹಾಳೆಯ ಎಡಭಾಗ: ಅಮ್ಮ, ತಮ್ಮ ಶೀನ, ಅಂಗಳದಲ್ಲಿ ಒಣಗುವ ಹಾಯಿಬಟ್ಟೆ. ಬಲಭಾಗ: ಅಮ್ಮನಿಗೆ ಒಂದು ಕಣ್ಣು ಮಂಜು. ಶೀನನಿಗೆ ಮದುವೆಯಾಗಿದೆ. ಅಂಗಳದಲ್ಲಿ ಹಾಯಿ ಇಲ್ಲ, ಇಪ್ಪತ್ತು ಜೊತೆ ಹುಟ್ಟುಗಳಿವೆ. ಗಾಳಿ ಇಲ್ಲದ ಊರು ಹುಟ್ಟು ಹಾಕುವುದನ್ನು ಕಲಿತಿದೆ. ಹುಟ್ಟು ಹಾಕುವವರ ಮುಂದಾಳು ಶೀನನೇ. ಈಗ ಹೇಳಿ, ಬಾಗಿ ಭರಣಿಯ ಬಟ್ಟೆ ಬಿಚ್ಚಬೇಕಾ?

ನೋಡಿ, ರಾಕ್ಷಸನ ಸುದ್ದಿಯೇ ಇನ್ನೂ ಬಂದಿಲ್ಲ. ಆಗಲೇ ಕಥೆ ಕೂತಲ್ಲಿಂದ ಎದ್ದು ನಿಂತಿದೆ.

2. ಎಷ್ಟು ವರ್ಷ, ಯಾರ ಲೆಕ್ಕದಲ್ಲಿ?

ಹೋದವರ ಕಾಲ ಬೇರೆ, ಉಳಿದವರ ಕಾಲ ಬೇರೆ. ಪುರಾಣದ ಕಕುದ್ಮಿ ರಾಜನ ಕಥೆ ನೆನಪಿದೆಯಾ? ರೈವತ ಅಂತಲೂ ಅವನಿಗೆ ಹೆಸರು. ಮಗಳು ರೇವತಿಗೆ ಯಾವ ವರ ಸರಿ ಎಂದು ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಗಂಧರ್ವರ ಹಾಡು ನಡೆಯುತ್ತಿತ್ತು. ಮುಗಿಯಲಿ ಅಂತ ಸ್ವಲ್ಪ ಹೊತ್ತು ಕಾದ. ಆಮೇಲೆ ವರಗಳ ಹೆಸರು ಹೇಳಿದರೆ ಬ್ರಹ್ಮ ನಕ್ಕ. ನೀನು ಹೇಳಿದವರು ಮಾತ್ರ ಅಲ್ಲ, ಅವರ ಮಕ್ಕಳು ಮೊಮ್ಮಕ್ಕಳೂ ಈಗಿಲ್ಲ, ಇಪ್ಪತ್ತೇಳು ಚತುರ್ಯುಗ ಕಳೆದಿದೆ ಅಂದ. ರೇವತಿಗೆ ಕೊನೆಗೆ ಬಲರಾಮನ ಜೊತೆ ಮದುವೆಯಾಯಿತು. ಹಳೆಯ ಯುಗದವಳು, ಬಹಳ ಎತ್ತರ. ಬಲರಾಮ ತನ್ನ ನೇಗಿಲ ತುದಿಯಿಂದ ಅವಳನ್ನು ತಗ್ಗಿಸಿ ತನ್ನ ಕಾಲದವರ ಅಳತೆಗೆ ತಂದ ಎಂದು ವಿಷ್ಣುಪುರಾಣ ಹೇಳುತ್ತದೆ.

ಈ ನೇಗಿಲಿನ ಮಾತನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ. ತಿರುಗಿ ಬಂದವರನ್ನು ಮನೆ ಹೀಗೇ ಸ್ವಲ್ಪ ಒತ್ತಿ ಕುಗ್ಗಿಸುತ್ತದೆ. ನಿಮ್ಮ ಕಥೆಯಲ್ಲಿ ಆ ನೇಗಿಲು ಯಾವುದು ಎಂದು ಹುಡುಕಿ.

ವರ್ಷದ ಸಂಖ್ಯೆಯನ್ನು ಸುಮ್ನೆ ಹಾಕಬೇಡಿ. ಹನ್ನೆರಡು ಅಂತ ನಾನು ಇಟ್ಟದ್ದಕ್ಕೆ ಕಾರಣ ಇದೆ. ಹನ್ನೆರಡು ವರ್ಷ ಸುದ್ದಿಯೇ ಇಲ್ಲದವರನ್ನು ಸತ್ತವರೆಂದು ತಿಳಿದು, ದರ್ಭೆಯ ಅಥವಾ ಮುತ್ತುಗದ ಎಲೆಯ ಬೊಂಬೆ ಮಾಡಿ ಸಂಸ್ಕಾರ ಮಾಡುವ ಪದ್ಧತಿ ಧರ್ಮಶಾಸ್ತ್ರದಲ್ಲಿದೆ. ಹಾಗೆ ಮಾಡಿದ ಮೇಲೆ ಆ ಮನುಷ್ಯ ಬದುಕಿ ಬಂದರೆ? ಅದಕ್ಕೂ ದಾರಿ ಬರೆದಿಟ್ಟಿದ್ದಾರೆ. ಜಾತಕರ್ಮದಿಂದ, ಅಂದರೆ ಹುಟ್ಟಿದ ಮಗುವಿಗೆ ಮಾಡುವ ಸಂಸ್ಕಾರದಿಂದ, ಮತ್ತೆ ಶುರು ಮಾಡಬೇಕು. ಮೂವತ್ತು ದಾಟಿದ ವೀರ ತನ್ನದೇ ಮನೆಯಲ್ಲಿ ಮಗುವಾಗಿ ಹುಟ್ಟಬೇಕು. ಇದಕ್ಕಿಂತ ದೊಡ್ಡ ಮಾಯೆ ಯಾವ ಮಂತ್ರವಾದಿಯ ಹತ್ತಿರ ಇದೆ?

ಕಾನೂನಿನಲ್ಲಿ ಈ ಲೆಕ್ಕ ಏಳು ವರ್ಷ. 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇದು ಇತ್ತು. ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೇ ಏಳು ವರ್ಷ ಸುದ್ದಿ ಬಾರದಿದ್ದರೆ, ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಒಂದು ಮಾಯಾರಾಜ್ಯದ ಕಚೇರಿಯಲ್ಲಿ ವೀರ ಹೋಗಿ ನಿಂತು "ನಾನು ಬದುಕಿದ್ದೇನೆ" ಎಂದು ಅರ್ಜಿ ಬರೆಯುವ ಕಥೆ ಯಾರಾದರೂ ಬರೆಯಿರಿ, ದಯವಿಟ್ಟು.

ಬಾಗಿ ಮನೆಗೆ ಬರುವುದು ಅವಳದೇ ಶ್ರಾದ್ಧದ ದಿನ. ಅಂಗಳದಲ್ಲಿ ಪಿಂಡ ಇಟ್ಟಿದ್ದಾರೆ. ಕಾಗೆ ಬರುತ್ತಿಲ್ಲ. ಎಲ್ಲರೂ ತೆಂಗಿನ ಮರ ನೋಡುತ್ತಿದ್ದಾರೆ. ತಡಮೆಯ, ಅಂದರೆ ಬೇಲಿ ದಾಟುವ ಜಾಗದ ಆಚೆ ಅವಳು ಭರಣಿ ಹೊತ್ತು ನಿಂತಿದ್ದಾಳೆ.

3. ಕೊನೆಯ ಮೈಲಿಯಿಂದ ಶುರು ಮಾಡಿ

ನಾನು ಬರೆದ ಮೊದಲ ಕಥೆಯಲ್ಲಿ ನಾಲ್ಕು ಸಾವಿರ ಪದ ಇತ್ತು. ಮೂರು ಸಾವಿರ ಬರೀ ಯುದ್ಧ. ಕೊನೆಯ ಪುಟದಲ್ಲಿ ವೀರ ಮನೆ ಬಾಗಿಲು ತಟ್ಟುತ್ತಾನೆ, ಮುಗಿಯಿತು. ಓದಿದ ಹಿರಿಯ ಗೆಳೆಯರೊಬ್ಬರು ಕೇಳಿದರು, ಬಾಗಿಲು ಯಾರು ತೆಗೆದರು? ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡೀ ಕಥೆ ಆ ಪ್ರಶ್ನೆಯಲ್ಲೇ ಇತ್ತು.

ಸಣ್ಣಕಥೆಗೆ ಜಾಗ ಕಡಿಮೆ. ವೀರನಿಗೆ ಮನೆ ಇನ್ನೇನು ಕಾಣಬೇಕು ಎನ್ನುವಾಗ ಶುರು ಮಾಡಿ. ಆ ಹೊತ್ತಿನಲ್ಲಿ ಮನಸ್ಸು ಹೇಗಿರುತ್ತದೆ ಎಂದು ನಮಗೆ ಚೆನ್ನಾಗಿ ಗೊತ್ತು. ನಮ್ಮ ಹಿಂದಿನ ತಲೆಮಾರಿನವರು ಮೊದಲು ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ ಊರಿಗೆ ಹೋದರು. 1998ರ ಜನವರಿ 26ಕ್ಕೆ ಕೊಂಕಣ ರೈಲ್ವೆಯ ಇಡೀ ದಾರಿ ತೆರೆಯಿತು. ಈಗ ಕುರ್ಲಾದಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ರತ್ನಾಗಿರಿಯ ಸುರಂಗಗಳು ದಾಟುವಾಗ ಇನ್ನೂ ಮುಂಬೈಯವರೇ ಆಗಿರುತ್ತೇವೆ. ಮಡಗಾಂವ್ ಕಳೆದು ನಿದ್ದೆ. ಹೊನ್ನಾವರದ ಹತ್ತಿರ ಗಾಲಿಯ ಸದ್ದು ಬದಲಾಗುತ್ತದೆ. ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದದ ಸೇತುವೆ ಅದು, ಆ ದಾರಿಯಲ್ಲೇ ಅತಿ ಉದ್ದದ್ದು. ಆ ಸದ್ದಿಗೆ ನನಗೆ ತಾನಾಗಿ ಎಚ್ಚರವಾಗುತ್ತದೆ. ಕಿಟಕಿಯಲ್ಲಿ ಕತ್ತಲು. ಆದರೆ ಗಾಳಿಯಲ್ಲಿ ಒದ್ದೆ ಮಣ್ಣು, ಉಪ್ಪು, ಹೊಗೆ. ಅಲ್ಲಿಂದ ಮುಂದೆ ಎದೆ ಸುಮ್ಮನಿರುವುದಿಲ್ಲ.

ನಿಮ್ಮ ವೀರನಿಗೂ ಇಂಥದೊಂದು ಸೇತುವೆ ಕೊಡಿ. ಕಣ್ಣಿಗೆ ಮನೆ ಕಾಣುವ ಮೊದಲು ಕಿವಿಗೋ ಮೂಗಿಗೋ ಸಿಗುವ ಒಂದು ಗುರುತು. ಬಾಗಿಗೆ ಅದು ನಿಶ್ಶಬ್ದ. ಗಾಳಿ ಇಲ್ಲದ ಊರಿನಲ್ಲಿ ತೆಂಗಿನ ಗರಿ ಅಲುಗುವುದಿಲ್ಲ. ಅಳಿವೆ ಹತ್ತಿರ ಬಂದಂತೆ ಸದ್ದು ಒಂದೊಂದಾಗಿ ಕಳಚುತ್ತದೆ. ಎಲ್ಲವೂ ನಿಂತಾಗ ಅವಳಿಗೆ ಮನೆ ಬಂತು ಎಂದು ಗೊತ್ತಾಗುತ್ತದೆ.

ವೀರನನ್ನು ಒಮ್ಮೆಗೇ ತೋರಿಸಬೇಡಿ. ಕರಾವಳಿಯ ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಗೆ ತಿರುಗಾಟ ಮುಗಿಸಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬೈಗೆ ಬರುತ್ತಾರಲ್ಲ, ಆಗ ಯಕ್ಷಗಾನ ನೋಡಿ ಕಲಿಯಿರಿ. ತೆರೆಯ ಹಿಂದೆ ಮೊದಲು ಗೆಜ್ಜೆ. ಆಮೇಲೆ ಕಿರೀಟದ ತುದಿ. ಒಂದು ಕ್ಷಣ ಕಣ್ಣು. ಪೂರ್ತಿ ವೇಷ ಕಾಣುವ ಹೊತ್ತಿಗೆ ನಾವು ಕಾದು ಕಾದು ಅವನವರೇ ಆಗಿಬಿಟ್ಟಿರುತ್ತೇವೆ. ಬಾಗಿಯದೂ ಹಾಗೆ. ಮೊದಲು ತಡಮೆಯ ಕೆಳಗೆ ಬಿರುಕು ಬಿಟ್ಟ ಪಾದ. ಆಮೇಲೆ ಭರಣಿ ಹಿಡಿದ ಕೈ.

4. ಗುರುತು ಹಿಡಿಯುವ ದೃಶ್ಯ

ಕಥೆಯ ಎದೆ ಇದು. ಇದಕ್ಕೆ ಮೂರನೇ ಒಂದು ಭಾಗ ಕೊಟ್ಟರೂ ತಪ್ಪಿಲ್ಲ.

ಗ್ರೀಕರ ಒಡಿಸ್ಯೂಸ್ ಇಪ್ಪತ್ತು ವರ್ಷ ಕಳೆದು ಭಿಕ್ಷುಕನ ವೇಷದಲ್ಲಿ ಬಂದಾಗ ಮುದಿ ನಾಯಿ ಮೊದಲು ಗುರುತಿಸಿತು. ಕಾಲು ತೊಳೆಯುವ ದಾದಿಗೆ ಹಳೆಯ ಗಾಯದ ಕಲೆ ಸಿಕ್ಕಿತು. ಹೆಂಡತಿ ಮಾತ್ರ ನಂಬಲಿಲ್ಲ. ಮಂಚವನ್ನು ಆಚೆ ಹಾಕಿಸುತ್ತೇನೆ ಅಂದಳು. ಅದು ಹೇಗೆ ಸಾಧ್ಯ, ನೆಲದಲ್ಲಿ ಬೇರು ಬಿಟ್ಟ ಆಲಿವ್ ಮರವನ್ನೇ ಕಾಲಾಗಿ ಇಟ್ಟು ನಾನು ಮಾಡಿದ ಮಂಚ ಅದು ಎಂದು ಅವನು ಸಿಟ್ಟಾದ. ಆಗ ನಂಬಿದಳು.

ಆದರೆ ಈ ವಿದ್ಯೆ ಕಲಿಯಲು ನನಗೆ ಇನ್ನೂ ದೊಡ್ಡ ಗುರು ನಳ-ದಮಯಂತಿಯ ಕಥೆ. ಮಹಾಭಾರತದ ವನಪರ್ವದಲ್ಲಿದೆ. ನಳ ರಾಜ್ಯ ಕಳೆದುಕೊಂಡು, ರೂಪವೂ ಕೆಟ್ಟು, ಬಾಹುಕ ಎಂಬ ಸಾರಥಿಯಾಗಿ ಮಾವನ ಊರಿಗೆ ಬರುತ್ತಾನೆ. ದಮಯಂತಿಗೆ ಅನುಮಾನ. ಕೇಶಿನಿ ಎಂಬ ದಾಸಿಯನ್ನು ನೋಡಿ ಬಾ ಎಂದು ಕಳಿಸುತ್ತಾಳೆ. ಕೇಶಿನಿ ಬಂದು ಹೇಳುವುದನ್ನು ಕೇಳಿ: ತಗ್ಗಾದ ಬಾಗಿಲಿಗೆ ಅವನು ಬಗ್ಗುವುದಿಲ್ಲ, ಬಾಗಿಲೇ ಮೇಲೇಳುತ್ತದೆ. ಬರೀ ನೋಡಿದರೆ ಖಾಲಿ ಕೊಡ ನೀರಿನಿಂದ ತುಂಬುತ್ತದೆ. ಹುಲ್ಲು ಹಿಡಿದು ಬಿಸಿಲಿಗೆ ಒಡ್ಡಿದರೆ ಬೆಂಕಿ ಹತ್ತುತ್ತದೆ.

ಇಷ್ಟು ಪವಾಡ ಸಾಕಲ್ವಾ? ದಮಯಂತಿಗೆ ಸಾಕಾಗಲಿಲ್ಲ. ಅವನು ಬೇಯಿಸಿದ್ದರಲ್ಲಿ ಒಂದು ತುಂಡು ತಾ ಅಂದಳು. ಬಾಯಿಗಿಟ್ಟಳು. ನಳನ ಕೈರುಚಿ! ಆಮೇಲೆ ಮಕ್ಕಳಿಬ್ಬರನ್ನು ಅವನ ಹತ್ತಿರ ಕಳಿಸಿದಳು. ಅವನು ತಬ್ಬಿಕೊಂಡು ಅತ್ತ.

ಪವಾಡ ಮೊದಲು, ನಾಲಿಗೆ ಆಮೇಲೆ, ಕಣ್ಣೀರು ಕೊನೆಗೆ. ಈ ಕ್ರಮವನ್ನು ಗಮನಿಸಿ. ಮಾಯಾಕಥೆ ಬರೆಯುವವರು ಮಾಡುವ ದೊಡ್ಡ ತಪ್ಪು ಪವಾಡದಿಂದ ಗುರುತು ಹಿಡಿಸುವುದು. ಕತ್ತಿ ಹೊಳೆಯಿತು, ಎಲ್ಲರೂ ಕೈ ಮುಗಿದರು. ಪವಾಡವನ್ನು ಯಾವ ಮಂತ್ರವಾದಿಯೂ ಮಾಡಬಹುದು. ಸಾರಿಗೆ ಹುಳಿ ಎಷ್ಟು ಹಾಕುತ್ತಾನೆ ಎಂಬುದು ಅವನ ಮನೆಯವರಿಗೆ ಮಾತ್ರ ಗೊತ್ತು. ಈ ಊರಿನಲ್ಲಿ ಎಷ್ಟೋ ಕನ್ನಡದ ಹುಡುಗರು ಹಗಲು ಹೋಟೆಲಿನಲ್ಲಿ ಕೆಲಸ ಮಾಡಿ, ರಾತ್ರಿ ಶಾಲೆಯಲ್ಲಿ ಓದಿ ಬೆಳೆದರು. ಊರಿಗೆ ಹೋದಾಗ ಅವರ ಕೈಯ ಅಡುಗೆ ತಿಂದು ತಾಯಂದಿರು ಏನನ್ನು ಗುರುತಿಸಿದರು, ಏನನ್ನು ಗುರುತಿಸಲಾಗದೆ ಸುಮ್ಮನಾದರು? ನಳಪಾಕ ಎಂಬ ಮಾತನ್ನು ದಿನಾ ಆಡುತ್ತೇವೆ. ಅದರೊಳಗೆ ಮನೆಗೆ ಮರಳಿದ ಗಂಡಸೊಬ್ಬ ಕೂತಿದ್ದಾನೆ ಎಂಬುದು ಮರೆತೇಹೋಗಿದೆ.

ಈಗ ಬಾಗಿಯ ದೃಶ್ಯ. ಅವಳನ್ನು ಕಂಡು ಪುರೋಹಿತರು ಎದ್ದು ನಿಂತಿದ್ದಾರೆ. ಶೀನನ ಹೆಂಡತಿ ಮಗುವನ್ನು ಹಿಂದೆ ಎಳೆದುಕೊಂಡಿದ್ದಾಳೆ. ಅಮ್ಮನಿಗೆ ಕಣ್ಣು ಮಂಜು.

"ಯಾರದು?"

"ನಾನು, ಬಾಗಿ."

ಅಮ್ಮ ಮಾತಾಡಲಿಲ್ಲ. ಹತ್ತಿರ ಬಂದು ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಗಂಟು ಮುಟ್ಟಿದಳು. ಎಡಗೈಯ ಗಂಟು. ಈ ಹುಡುಗಿಗೆ ಎಷ್ಟು ಹೊಡೆದರೂ ಬಲಗೈಯಲ್ಲಿ ಗಂಟು ಹಾಕಲು ಬಂದಿರಲಿಲ್ಲ.

"ಉಪ್ಪು ಹಾಕಿದ್ದೀಯಾ? ಇಲ್ಲದಿದ್ದರೆ ಬೂಸಲು ಬರುತ್ತೆ."

ನನಗೆ ಈ ಸಾಲು ಸಿಕ್ಕಿದಾಗ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಭೂತದ ಬೆಟ್ಟದಿಂದ ಗೆದ್ದು ತಂದ ಗಾಳಿ ಅಮ್ಮನಿಗೆ ಉಪ್ಪಿನಕಾಯಿ. ಅವಳು ಗುರುತಿಸಿದ್ದಾಳೆ, ಆದರೆ ಅದನ್ನು ಬಾಯಿಬಿಟ್ಟು ಹೇಳಿಲ್ಲ. "ನನ್ನ ಮಗಳೇ" ಎಂದು ತಬ್ಬಿಕೊಳ್ಳುವ ಸಾಲು ನಿಮ್ಮ ಕರಡಿನಲ್ಲಿದ್ದರೆ, ಅದರ ಜಾಗದಲ್ಲಿ ಆ ಮನೆಯಲ್ಲಿ ಮಾತ್ರ ಹುಟ್ಟಬಹುದಾದ ಒಂದು ಬೈಗುಳವನ್ನೋ ಬುದ್ಧಿಮಾತನ್ನೋ ಇಟ್ಟು ನೋಡಿ.

ಗುರುತು ಸಿಗದೆ ಹೋಗುವ ಕಥೆಯೂ ಇದೆ. ಅರ್ಜುನ ಅಶ್ವಮೇಧದ ಕುದುರೆ ಹಿಂದೆ ಮಣಿಪುರಕ್ಕೆ ಬಂದಾಗ ಮಗ ಬಭ್ರುವಾಹನ ಕಾಣಿಕೆ ಹಿಡಿದು ಬಂದ. ಅಪ್ಪ ಅವನನ್ನು ಹಂಗಿಸಿದ. ಯುದ್ಧವಾಗಿ ಅಪ್ಪನೇ ಬಿದ್ದ. ಬದುಕಿಸಲು ಅರ್ಜುನನ ನಾಗಕನ್ಯೆ ಹೆಂಡತಿ ಉಲೂಪಿಯ ಮಣಿ ಬೇಕಾಯಿತು. ಮಕ್ಕಳು ಹುಟ್ಟಿದ್ದನ್ನೋ ಬೆಳೆದದ್ದನ್ನೋ ನೋಡದ ವೀರನ ಬಗ್ಗೆ ಬರೆಯುವವರು ಈ ಪ್ರಸಂಗವನ್ನು ಒಮ್ಮೆ ಪೂರ್ತಿ ರಾತ್ರಿ ಕೂತು ನೋಡಬೇಕು.

5. ತಂದ ವಸ್ತುವಿಗೆ ಮನೆಯಲ್ಲಿ ಜಾಗ ಎಲ್ಲಿ?

ವೀರ ಬರಿಗೈಯಲ್ಲಿ ಬರುವುದಿಲ್ಲ. ಮಂತ್ರದ ಉಂಗುರವೋ, ಮಾತಾಡುವ ಕನ್ನಡಿಯೋ ತರುತ್ತಾನೆ. ಅದನ್ನು ಮನೆಯಲ್ಲಿ ಎಲ್ಲಿ ಇಡುತ್ತಾರೆ? ದೇವರ ಕೋಣೆಯಲ್ಲಾ, ಕೊಟ್ಟಿಗೆಯಲ್ಲಾ? ಇಟ್ಟ ಜಾಗವೇ ಮನೆಯವರ ಮನಸ್ಸನ್ನು ಹೇಳುತ್ತದೆ. ಮುಂಬೈಯಿಂದ ಹೊತ್ತು ತಂದ ಮಿಕ್ಸರ್ ವರ್ಷಗಟ್ಟಲೆ ಡಬ್ಬಿಯಲ್ಲೇ ಇದ್ದು, ಪಕ್ಕದಲ್ಲಿ ರುಬ್ಬುವ ಕಲ್ಲು ತಿರುಗುತ್ತಲೇ ಇದ್ದ ಮನೆಗಳನ್ನು ನಾನು ನೋಡಿದ್ದೇನೆ.

ಆ ವಸ್ತುವಿನಿಂದ ಮನೆಯಲ್ಲಿ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಆಗಲಿ. ಎಲ್ಲರಿಗೂ ಬರೀ ಒಳ್ಳೆಯದಾದರೆ ಕಥೆ ಅಲ್ಲೇ ಕೂತುಬಿಡುತ್ತದೆ. ಭರಣಿ ಬಿಚ್ಚಿದರೆ ಹಾಯಿ ಏಳುತ್ತದೆ, ಮುದುಕ ಮೀನುಗಾರರಿಗೆ ಮತ್ತೆ ಕಡಲು ಸಿಗುತ್ತದೆ. ಆದರೆ ನಲವತ್ತು ಹುಟ್ಟುಗಾರರ ಮನೆಯಲ್ಲಿ ಒಲೆ ಆರುತ್ತದೆ. ಬಿಚ್ಚದಿದ್ದರೆ ಬಾಗಿಯ ಹನ್ನೆರಡು ವರ್ಷಕ್ಕೆ ಏನು ಅರ್ಥ?

6. ಉಳಿದವರು ಏನು ಮಾಡುತ್ತಿದ್ದರು?

ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಮರಳುವವರ ಕಥೆ ಮರಳಿದವರದ್ದಲ್ಲ, ಉಳಿದವರದ್ದು. ಹೋದವನಿಗೆ ಒಂದು ಸಾಹಸ ಆಗಿದ್ದರೆ ಉಳಿದವರಿಗೂ ಅಷ್ಟೇ ಉದ್ದದ ಒಂದು ಸಾಹಸ ಆಗಿದೆ. ಅದಕ್ಕೆ ಹಾಡು ಕಟ್ಟುವವರು ಯಾರೂ ಇಲ್ಲ, ಅಷ್ಟೇ.

ಭರತನನ್ನು ನೋಡಿ. ಹದಿನಾಲ್ಕು ವರ್ಷ ಅಯೋಧ್ಯೆಗೇ ಕಾಲಿಡದೆ ನಂದಿಗ್ರಾಮದಲ್ಲಿ ಅಣ್ಣನ ಪಾದುಕೆ ಇಟ್ಟುಕೊಂಡು ರಾಜ್ಯ ನೋಡಿದ. ರಾಮ ತಿರುಗಿ ಬರುವಾಗ ವಾಲ್ಮೀಕಿ ಬರೆದ ಒಂದು ಸಣ್ಣ ಸಂಗತಿ ಇದೆ. ರಾಮ ನೇರವಾಗಿ ಹೋಗಿಬಿಡುವುದಿಲ್ಲ. ಹನುಮಂತನನ್ನು ಮುಂದೆ ಕಳಿಸುತ್ತಾನೆ. ನಾನು ಬರುತ್ತಿರುವ ಸುದ್ದಿ ಹೇಳು, ಹೇಳುವಾಗ ಭರತನ ಮುಖದ ಬಣ್ಣ, ಕಣ್ಣು, ಮಾತು ಹೇಗಿದೆ ನೋಡಿಕೊಂಡು ಬಾ ಎನ್ನುತ್ತಾನೆ. ಇಷ್ಟು ಕಾಲ ಸಿಕ್ಕ ರಾಜ್ಯದ ಮೇಲೆ ಯಾರ ಮನಸ್ಸು ತಾನೇ ತಿರುಗುವುದಿಲ್ಲ ಎಂಬ ಯೋಚನೆ ರಾಮನಿಗೂ ಬಂತು. ಹನುಮಂತ ಹೋಗಿ ನೋಡಿದರೆ ಭರತ ಜಡೆಕಟ್ಟಿ, ನಾರುಡೆ ಉಟ್ಟು, ಸೊರಗಿ ಕೂತಿದ್ದ. ಸುದ್ದಿ ಕೇಳಿ ಸಂತೋಷದಲ್ಲಿ ಮೂರ್ಛೆ ಹೋದ.

ರಾಮನ ಆ ಹಿಂಜರಿಕೆ ನನಗೆ ಬಹಳ ಇಷ್ಟ. ರಾವಣನ ಎದುರು ನಿಂತವನು ಮನೆ ಬಾಗಿಲಿಗೆ ಬರುವಾಗ ತಡೆದು ನಿಂತ. ನಿಮ್ಮ ವೀರನೂ ಒಂದು ಗಳಿಗೆ ನಿಲ್ಲಲಿ.

ಇದಕ್ಕೆ ಒಂದು ಅಭ್ಯಾಸ ಹೇಳುತ್ತೇನೆ. ಉಳಿದವರಲ್ಲಿ ಒಬ್ಬರನ್ನು ಆರಿಸಿ, ವೀರ ಇಲ್ಲದ ಅಷ್ಟೂ ವರ್ಷಗಳನ್ನು ಅವರ ಬಾಯಲ್ಲಿ ಒಂದು ಪುಟ ಬರೆಯಿರಿ. ಕಥೆಯಲ್ಲಿ ಅದು ಬರಬೇಕಾಗಿಲ್ಲ. ನಾನು ಶೀನನದು ಬರೆದೆ. ಗಾಳಿ ನಿಂತ ಮೊದಲ ವರ್ಷ ಊರು ಹಸಿದಿತ್ತು. ಹುಟ್ಟು ಹಿಡಿದು ಮೊದಲ ಸಲ ಅಳಿವೆ ದಾಟಿದಾಗ ಅಂಗೈ ಸಿಪ್ಪೆ ಎದ್ದು ರಕ್ತ. ಅಮ್ಮ ರಾತ್ರಿ ತೆಂಗಿನೆಣ್ಣೆ ಹಚ್ಚುವಾಗ "ನಿನ್ನಕ್ಕ ಗಾಳಿ ತರ್ತಾಳೆ" ಅನ್ನುತ್ತಿದ್ದಳು. ಪ್ರತಿ ರಾತ್ರಿ. ಹುಟ್ಟು ಹಾಕಿದವನು ಅವನು, ಹೆಸರು ಅಕ್ಕನದು.

ಈ ಪುಟ ಬರೆದ ಮೇಲೆ ಶೀನ ನನ್ನ ಕಥೆಯಲ್ಲಿ ಕೆಟ್ಟವನಾಗಿ ಉಳಿಯಲಿಲ್ಲ. ಅಕ್ಕನ ಎದುರು ನಿಂತು ಅವನು ಆಡುವುದು ಒಂದೇ ಮಾತು: "ಅಂಗೈ ತೋರಿಸು." ಬಾಗಿ ತೋರಿಸುತ್ತಾಳೆ. ಅವನೂ ತನ್ನದನ್ನು ತೋರಿಸುತ್ತಾನೆ. ಎರಡೂ ಒಂದೇ ತರ ಇವೆ.

7. ವೀರನ ನಾಲಿಗೆ

ದೂರ ಹೋದವರ ಮಾತು ಬದಲಾಗುತ್ತದೆ. ನಾವು ಕೋಣೆಗೆ ಖೋಲಿ ಅನ್ನುತ್ತೇವೆ, ಬೀಗದ ಕೈಗೆ ಚಾವಿ ಅನ್ನುತ್ತೇವೆ. ಊರಲ್ಲಿ ಬಾಯಿತಪ್ಪಿ ಬಂದಾಗ ಮಕ್ಕಳು ನಗುತ್ತಾರೆ. ಬಾಗಿಗೂ ಬೆಟ್ಟದವರ ಎರಡು ಮೂರು ಪದ ಅಂಟಿಕೊಂಡಿರಲಿ. ಹೊಸ ಭಾಷೆಯನ್ನೇ ಹುಟ್ಟಿಸಬೇಡಿ. ನೀರಿಗೆ ಒಂದು, ಬಾ ಅನ್ನುವುದಕ್ಕೆ ಒಂದು ಸಾಕು. ಮನೆಯವರು ಮಾತ್ರ ನಿಮ್ಮ ಊರಿನ ಕನ್ನಡವನ್ನೇ ಆಡಲಿ. ಕುಂದಾಪುರದ್ದಾದರೆ ಕುಂದಾಪುರದ್ದು, ಧಾರವಾಡದ್ದಾದರೆ ಧಾರವಾಡದ್ದು. ಮಾಯಾಕಥೆ ಎಂದ ಮಾತ್ರಕ್ಕೆ ಎಲ್ಲರೂ "ಎಲೈ ಮಾನವನೇ" ಎಂದು ಮಾತಾಡಬೇಕಾಗಿಲ್ಲ.

8. ಸಾಹಸವನ್ನು ಎಷ್ಟು ಹೇಳಬೇಕು?

ಕಡಿಮೆ. ಬೆಟ್ಟದ ಭೂತದ ಬಗ್ಗೆ ನನ್ನ ಕಥೆಯಲ್ಲಿ ಇರುವುದು ಮೂರು ಸಾಲು. ಅದೂ ರಾತ್ರಿ ಊಟವಾದ ಮೇಲೆ, ಶೀನನ ಮಗು "ಭೂತಕ್ಕೆ ಎಷ್ಟು ಕೈ?" ಎಂದು ಕೇಳಿದಾಗ. ಯಾರಾದರೂ ಕೇಳುವ ತನಕ ವೀರ ಬಾಯಿ ಬಿಡಬಾರದು ಎಂಬ ನಿಯಮ ಇಟ್ಟುಕೊಳ್ಳಿ. ಮುಂಬೈಯಲ್ಲಿ ಮೊದಲ ವರ್ಷ ಎಲ್ಲಿ ಮಲಗಿದೆ ಎಂದು ನನ್ನನ್ನು ಊರಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

9. ತಿದ್ದುವಾಗ

ಕರಡು ಮುಗಿದ ಮೇಲೆ ಒಂದು ವಾರ ಮುಚ್ಚಿಡಿ. ನಾನು ಆಮೇಲೆ ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಸಿಎಸ್‌ಎಂಟಿ ತನಕ ಓದುತ್ತೇನೆ. ಒಂದು ಗಂಟೆಗೂ ಜಾಸ್ತಿ ಸಿಗುತ್ತದೆ. ಠಾಣೆ ಬರುವ ಹೊತ್ತಿಗೆ ವೀರ ಮನೆಯ ಅಂಗಳದಲ್ಲಿ ಇಲ್ಲದಿದ್ದರೆ ಮೊದಲ ಪುಟಗಳನ್ನು ಕತ್ತರಿಸುತ್ತೇನೆ. ಆಮೇಲೆ ಮೂರು ವಿಷಯ ಹುಡುಕುತ್ತೇನೆ. ಮನೆಯವರು ವೀರನನ್ನು ಹೊಗಳುವ ಸಾಲುಗಳಿದ್ದರೆ ಹೊಡೆದು ಹಾಕುತ್ತೇನೆ. "ಮನೆಯೇ ಸ್ವರ್ಗ" ಎಂಬಂಥ ಮಾತು ಎಲ್ಲಾದರೂ ನುಸುಳಿದೆಯಾ ನೋಡುತ್ತೇನೆ. ಮತ್ತೆ, ಕಥೆಯಲ್ಲಿ ಒಮ್ಮೆಯಾದರೂ ಯಾರಾದರೂ ಊಟಕ್ಕೆ ಕೂತಿದ್ದಾರಾ? ಊಟವೇ ಇಲ್ಲದೆ ಮನೆಗೆ ಬಂದ ಕಥೆ ನನಗೆ ನಂಬಿಕೆ ಬರುವುದಿಲ್ಲ. ಎಲೆ ಹಾಕುವಾಗ ಎಷ್ಟು ಎಲೆ ಹಾಕಿದರು, ಒಂದು ಕಡಿಮೆಯಾಯಿತಾ ಎಂಬುದರಲ್ಲೇ ಎಷ್ಟೋ ವಿಷಯ ಹೇಳಿಬಿಡಬಹುದು.

ಜೋರಾಗಿ ಓದಿ. ಮನೆಯಲ್ಲಿ ಊರಿಂದ ಬಂದ ಹಿರಿಯರಿದ್ದರೆ ಅವರಿಗೆ ಓದಿ ಹೇಳಿ. ಭೂತ, ಮಂತ್ರ ಎಲ್ಲವನ್ನೂ ಅವರು ಒಪ್ಪುತ್ತಾರೆ. ಶ್ರಾದ್ಧದ ದಿನ ಅಂಗಳದಲ್ಲಿ ರಂಗೋಲಿ ಇತ್ತು ಎಂದು ಬರೆದರೆ ಮಾತ್ರ ಅಲ್ಲೇ ತಡೆಯುತ್ತಾರೆ. ನಾನು ಹಾಗೆ ಬರೆದಿದ್ದೆ, ತಿದ್ದಿಸಿಕೊಂಡೆ.

10. ಕೊನೆ

ತಿರುಗಿ ಬಂದವರಿಗೆ ಮೂರು ದಾರಿ. ಮನೆಯಲ್ಲಿ ಉಳಿಯುತ್ತಾರೆ, ಮತ್ತೆ ಹೊರಡುತ್ತಾರೆ, ಇಲ್ಲವೇ ಹೊಸ್ತಿಲಲ್ಲೇ ನಿಲ್ಲುತ್ತಾರೆ. ಯಾವುದಾದರೂ ಸರಿ. ಆದರೆ ಆ ತೀರ್ಮಾನವನ್ನು ವೀರ ಬಾಯಲ್ಲಿ ಹೇಳದೆ, ಮನೆಯ ಒಂದು ವಸ್ತು ಹೇಳಲಿ. ಒಂದನೇ ಹಂತದಲ್ಲಿ ಬರೆದ ನಕ್ಷೆಯನ್ನು ಈಗ ಹೊರಗೆ ತೆಗೆಯಿರಿ. ಜಗಲಿ, ಬಾವಿ, ಅಟ್ಟ, ಚಾಪೆ. ನಿಮ್ಮ ಕೊನೆ ಇದರಲ್ಲೇ ಎಲ್ಲೋ ಇರುತ್ತದೆ.

ಬಾಗಿಯ ಕಥೆಗೆ ನಾನು ನಾಲ್ಕು ಕೊನೆ ಬರೆದೆ. ಭರಣಿ ಒಡೆದುಹೋಗುವುದು, ಬಾಗಿಯೇ ಬಿಚ್ಚುವುದು, ಶೀನ ಕದ್ದು ಕಡಲಿಗೆ ಎಸೆಯುವುದು. ಯಾವುದೂ ಕೂಡಲಿಲ್ಲ. ಅಮ್ಮನನ್ನು ಮರೆತಿದ್ದೆ. ಬೂಸಲಿನ ಚಿಂತೆ ಮಾಡಿದವಳು ಅವಳೇ ಅಲ್ವಾ? ಕೊನೆಗೆ ಬರೆದದ್ದು ಹೀಗಿದೆ:

ಬೆಳಿಗ್ಗೆ ಅಮ್ಮ ಬೆಲ್ಲ-ನೀರು ತರಲಿಲ್ಲ. ಬಾಗಿ ಬಾವಿಗೆ ಹೋದಳು, ಸೇದಿದಳು, ಕುಡಿದಳು. ಯಾರೂ ತಿರುಗಿ ನೋಡಲಿಲ್ಲ. ಶೀನ ಹುಟ್ಟು ಹೊತ್ತು ಹೊರಟ. ತಡಮೆಯ ಹತ್ತಿರ ನಿಂತು, "ಒಂದು ಜೊತೆ ಜಾಸ್ತಿ ಇದೆ" ಅಂದ. ಅವಳು ಎದ್ದಳು. ಭರಣಿ ಅಟ್ಟದ ಮೇಲೆ, ಕಳೆದ ವರ್ಷದ ಮಾವಿನಮಿಡಿಯ ಪಕ್ಕದಲ್ಲಿತ್ತು. ರಾತ್ರಿ ಯಾರೋ ಅದರ ಬಟ್ಟೆ ಬದಲಿಸಿದ್ದರು. ಹೊಸ ಬಟ್ಟೆ ಹಳೆಯ ಹಾಯಿಯ ತುಂಡು. ಅದರ ಗಂಟು ಬಲಗೈಯದು. ಅದು ಮೆಲ್ಲಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು.